ಕಣ್ಣಾರೆ ಕಂಡವಳು

ಮಗುವಿನ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯದನ್ನು ಹೆಣೆಯುತ್ತಿರುವಾಗಲೇ ಕ್ವಾರ್ಟರ್ಸಿನ ಕಿಟಕಿಯಾಚೆ, ಆಸ್ಪತ್ರೆಯ ಅಂಗಳದಲ್ಲಿ ವ್ಯಾನು ನಿಂತ ಸದ್ದಾಯಿತು. ತಂಗಿಯ ದೇಹವನ್ನು ತಂದಿದ್ದರು. ಅಕ್ಕ ಉಳಿದ ಕೂದಲಿಗೆ ರಬ್ಬರ್‌ಬ್ಯಾಂಡ್ ಸುತ್ತಿ, ತಂಗಿಯ ಮಗಳ ಕೈ ಹಿಡಿದು ಹೊರಟಳು.

"ನಮ್ಮ ಕಾನೂನು ಸಿಸ್ಟರ್ ಸ್ವರ್ಗಕ್ಕೆ ಹೋದ್ರೂ ಸುಮ್ನಿರಲ್ಲ ಕಣ್ರೀ, ದೇವರಿಗೇ ಮೊದ್ಲು ಡ್ಯೂಟಿ ಪಟ್ಟಿ ತೋರ್ಸಿ ಅಂತಾರೆ," ಎಂದು ಕಾಂಪೌಂಡರ್, ಆಸ್ಪತ್ರೆಯವರು ತಂಗಿಗಿಟ್ಟ ಹೆಸರಿನಲ್ಲೇ ಅವಳನ್ನು ನೆನೆದು ಕಣ್ಣೊರೆಸಿಕೊಂಡ.

"ಇಂಥ ತಂಗಿನ ಪಡೆಯೋಕೆ ಪುಣ್ಯ ಮಾಡಿರ್ಬೇಕು ಅಕ್ಕಾರೇ," ಎಂದಳು ಆಯಾ.

ಪುಣ್ಯ! ಇಬ್ಬರೂ ಇದೇ ಆಸ್ಪತ್ರೆಯ ನರ್ಸ್‌ಗಳು. ತಂಗಿ ಸಭೆ, ಮನವಿ, ಮಂತ್ರಿಗಳ ಬಾಗಿಲು ಎಂದು ಓಡಾಡಿದಾಗಲೆಲ್ಲ ಅವಳ ಪಾಳಿಯನ್ನೂ ಮಗುವನ್ನೂ ನೋಡಿಕೊಂಡವಳು ಅಕ್ಕ. ಸತ್ತ ಮೇಲೂ ಹೂವೆಲ್ಲ ಅವಳಿಗೇ. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ.

ನರ್ಸ್‌ಗಳ ಸಂಘದ ಅಧ್ಯಕ್ಷೆ ಮೈಕ್ ಹಿಡಿದಳು. "ಔಷಧಿ ಕೊಡೋಕೆ ಡಾಕ್ಟರ ಸಹಿಗೆ ಕಾಯ್ತಾ ಕಾಯ್ತಾ ವಾರ್ಡಿನ ಒಬ್ಬ ಅಜ್ಜ ಇವರ ತೋಳಲ್ಲೇ ಹೋದ್ರು. ಅದನ್ನ ಇವರು ವಿಧಾನಸಭೆ ಸಮಿತಿ ಮುಂದೆ ಹೇಳಿದ್ಮೇಲೇ ಕಾನೂನು ಬದಲಾಗಿದ್ದು. ಇವತ್ತು ತರಬೇತಿ ಪಡೆದ ನರ್ಸೇ ಔಷಧಿ ಬರೀಬಹುದು."

ಆ ಅಜ್ಜನ ತಲೆ ಇದ್ದದ್ದು ಅಕ್ಕನ ತೋಳಿನ ಮೇಲೆ.

*

"ಸಮಿತಿ ಮುಂದೆ ನೀನೇ ಬಂದು ಹೇಳಕ್ಕ. ಕಣ್ಣಾರೆ ಕಂಡವರ ಮಾತಷ್ಟೇ ಅವರು ಕೇಳೋದು," ಎಂದಿದ್ದಳು ತಂಗಿ, ಪಾತ್ರೆ ತೊಳೆಯುತ್ತ.

"ನಿನ್ನ ರಾಜಕೀಯ ನಿನಗಿರ್ಲಿ. ನನಗೆ ವಾರ್ಡಿದೆ."

"ಆ ಸಹಿ ನಿಯಮ ಮಾಡಿದ್ದು ರಾಜಕೀಯದೋರೇ ಅಲ್ವಾ? ನಾವು ಹೋಗದಿದ್ರೆ ಇನ್ನೊಬ್ಬ ಅಜ್ಜ ಹೀಗೇ ಸಾಯ್ತಾನೆ."

"ಮೈಕ್ ಕಂಡ್ರೆ ನನ್ನ ಬಾಯೊಣಗುತ್ತೆ ಮಾರಾಯ್ತಿ. ನೀನೇ ಹೋಗು."

ವಾರ್ಡಿನ ಟೀವಿಯಲ್ಲಿ ಸಮಿತಿಯ ಮುಂದೆ ಕೂತ ತಂಗಿಯ ಮುಖ ಕಂಡಾಗ ಅಕ್ಕ ಡ್ರಿಪ್ ಬಾಟಲಿ ಬದಲಿಸುತ್ತಿದ್ದಳು. "ನನ್ನ ತೋಳಿನ ಮೇಲೆ ಅವರ ತಲೆಯಿತ್ತು," ಎಂದಳು ತಂಗಿ. ರೋಗಿಗಳು ಚಪ್ಪಾಳೆ ತಟ್ಟಿದರು. ಅಕ್ಕ ಟೀವಿ ಆರಿಸಿದಳು. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

*

"ಅಕ್ಕಾರೇ, ನೀವೂ ಎರಡು ಮಾತಾಡಿ."

ಅಧ್ಯಕ್ಷೆ ಚಾಚಿದ ಮೈಕ್ ಅಕ್ಕನ ಕೈಗೆ ಬಂದಿತ್ತು. ನಿಜ ಹೇಳಿದರೆ ಮಲಗಿರುವ ತಂಗಿ ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ ಅಜ್ಜ ಸತ್ತ ಆ ಮಧ್ಯಾಹ್ನ ಎಂದೆಂದಿಗೂ ಅವಳದೇ.

"ಅವಳು... ಚೆನ್ನಾಗಿ ಮಾತಾಡ್ತಿದ್ಲು," ಎಂದಷ್ಟೇ ಹೇಳಿ ಅಕ್ಕ ಕೈ ಇಳಿಸಿದಳು.

ಮೈಕ್ ಈಗ ಮಗುವಿನ ಮುಖದ ಮಟ್ಟಕ್ಕಿತ್ತು. ಅದು ಅಕ್ಕನ ತೋಳು ಜಗ್ಗಿತು. ಎಳೆಯ ದನಿ ಅಂಗಳದ ಆ ತುದಿಗೂ ಕೇಳಿಸಿತು:

"ದೊಡ್ಡಮ್ಮ, ಆ ಅಜ್ಜನ್ನ ಹಿಡ್ಕೊಂಡಿದ್ದು ನೀನು ಅಂತ ಅಮ್ಮ ನಂಗೆ ಎಷ್ಟೊಂದ್ಸಲ ಹೇಳಿದ್ಲು. ನೀನ್ಯಾಕೆ ಹೇಳ್ಲಿಲ್ಲ?"