ಗೋಡೆ ಏಳುವ ಮುಂಚೆ

ನಾಲೆ ನೀರು ಬಂದ ಮೇಲೆ ಹೊಳಲು ಊರಿನ ತಗ್ಗಿನ ಗದ್ದೆಗಳಲ್ಲಿ ಬತ್ತ ಬೆಳೆಯಿತು. ಮನೆಗಳ ನೆಲದಲ್ಲಿ ಜೌಗೂ ಎದ್ದಿತು. ನಲವತ್ತೊಂದನೇ ಇಸವಿಯ ಮಳೆಗಾಲದಲ್ಲಿ ಮರಿಸಿದ್ದಯ್ಯನ ತೊಟ್ಟಿಮನೆಯ ಹಿಂಬದಿ ಗೋಡೆ ಬುಡದಿಂದಲೇ ಮೆತ್ತಗಾಗಿ ಕುಸಿದುಬಿತ್ತು. ಸೂರು ಮಾತ್ರ ಅಲ್ಲಾಡಲಿಲ್ಲ.

ಬಡಗಿ ಕೆಂಪಾಚಾರಿ ಬಂದು ಕಂಬ, ತೊಲೆಗಳನ್ನೆಲ್ಲ ಬಡಿದು ನೋಡಿದ. "ಮರ ಗಟ್ಟಿಯಾಗದೆ ಸಿದ್ದಯ್ಯ. ಒಂದು ಮೊಳೆ ಹೊಡೆದಿಲ್ಲ, ಎಲ್ಲಾ ಮರದ ಗೂಟದ ಮೇಲೇ ನಿಂತದೆ. ಬಿಚ್ಕೊಂಡೋಗಿ ದಿಣ್ಣೆ ಮೇಲೆ ನಿಲ್ಲಿಸ್ಬೋದು."

ಸುಗ್ಗಿ ಮುಗಿದ ಮೇಲೆ ಹಾಗೇ ಮಾಡಿದರು. ದಿಣ್ಣೆಯ ಮೇಲೆ ಕಂಬಗಳೆದ್ದವು, ಅವುಗಳ ಮೇಲೆ ತೊಲೆಗಳು ಕೂತವು. ಗೋಡೆ ಇನ್ನೂ ಇರಲಿಲ್ಲ. ಅಡಿಗೆಮನೆಯಾಗಬೇಕಾದ ಜಾಗದಲ್ಲೇ ಮರಿಸಿದ್ದಯ್ಯನ ಹೆಂಡತಿ ಶಿವನಂಜಮ್ಮ ಮೂರು ಕಲ್ಲಿಟ್ಟು ಒಲೆ ಹೂಡಿದಳು.

ಹಳೆಯ ಅಡಿಗೆಮನೆಯಲ್ಲಿ ಹೊಗೆ ಹೋಗಲು ಗೇಣಗಲದ ಕಂಡಿಯೊಂದಿತ್ತು, ಅಷ್ಟೇ. ಅತ್ತೆ ದೊಡ್ಡತಾಯಮ್ಮನ ಎದುರಿಗೆ ಗಂಡಹೆಂಡಿರು ಹಗಲು ಮಾತಾಡುವ ವಾಡಿಕೆಯೂ ಇರಲಿಲ್ಲ. ಈಗ ಹಿಟ್ಟು ತೊಳಸುತ್ತ ತಲೆ ಎತ್ತಿದರೆ, ಕಂಬಗಳ ನಡುವೆ ಗೋಡೆಗೆಂದು ಮಣ್ಣು ತುಳಿಯುವ ಗಂಡ ಕಾಣುತ್ತಿದ್ದ. ಒಂದು ದಿನ ಅವನೂ ನೋಡಿದ, ನಕ್ಕ. ಅವನ ಮುಂದಿನ ಹಲ್ಲೊಂದು ಸೊಟ್ಟ ಅನ್ನುವುದು, ಮದುವೆಯಾಗಿ ಎಂಟು ವರ್ಷಕ್ಕೆ, ಅವಳಿಗೆ ಅಂದು ತಿಳಿಯಿತು.

ಅಡಿಗೆಮನೆಯ ಗೋಡೆ ಸೊಂಟದೆತ್ತರ ಏಳುತ್ತಲೇ ಅವಳಿಗೆ ಜೀವ ತಡೆಯಲಿಲ್ಲ. ನೀರು ಕುಡಿಯಲು ಬಂದ ಗಂಡನಿಗೆ ಮೆಲ್ಲಗೆ ಹೇಳಿದಳು: "ತೊಟ್ಟಿ ಕಡೀಕೆ ಇಲ್ಲೊಂದು ಕಿಟಕಿ ಬುಡಿಸಿ."

"ಅಡಿಗೆಮನೇಗಾ? ಅವ್ವ ಒಪ್ಪಾಳಾ?"

ತಾಯಿಯನ್ನು ಕೇಳುವ ಧೈರ್ಯ ಸಾಲದೆ ಅವನು ಮೊದಲು ಆಚಾರಿಯನ್ನು ಕೇಳಿದ. "ಕಿಟಕಿ ಬುಟ್ರೆ ಗೋಡೆ ಬಲ ಕಮ್ಮಿ ಆಯ್ತದಾ?"

"ಭಾರ ಹೊರೋದು ಕಂಬ ಕಣಪ್ಪ. ಗೋಡೆ ಬರೀ ಮರೆಗೆ."

ಹಿಂದೆಯೇ ನಿಂತಿದ್ದ ದೊಡ್ಡತಾಯಮ್ಮ ಕೇಳಿದಳು: "ಯಾರಿಗ್ಲಾ ಕಿಟಕಿ?"

ಶಿವನಂಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಈಚೆ ಬಂದಳು. "ನಾನೇ ಕೇಳ್ದೆ ಅತ್ತೆ. ಒಳಗೆ ಕೂತ್ರೆ ಯಾರೂ ಕಾಣಾಕಿಲ್ಲ."

ಮುದುಕಿ ಹೊಗೆ ಹಿಡಿದು ಕಪ್ಪಾಗಿದ್ದ ಕಂಬದ ಮೇಲೆ ಕೈಯಿಟ್ಟಳು.

"ನಿಮ್ಮಾವ ತೊಟ್ಟೀಲಿ ಕೂತು ಹಗ್ಗ ಹೊಸೀತಿದ್ರು," ಅಂದಳು. "ನಾನು ಒಳಗಿಂದ್ಲೇ ಅವರ ಕೆಮ್ಮು ಕೇಳಿ, ಅಲ್ಲೇ ಅವ್ರೆ ಅಂತ ತಿಳ್ಕೊತಿದ್ದೆ. ಸಾಯೋಗಂಟ ಅಷ್ಟೇಯ." ಆಮೇಲೆ ಬಡಗಿಯತ್ತ ತಿರುಗಿದಳು. "ದೊಡ್ಡದಾಗೇ ಇಡು, ಆಚಾರಿ."

ಯುಗಾದಿಗೆ ಹೊಸ ಮನೆಗೆ ಒಕ್ಕಲಾದರು. ಕಿಟಕಿಯ ಪಕ್ಕದ ಜಾಗವನ್ನು ದೊಡ್ಡತಾಯಮ್ಮನೇ ಹಿಡಿದಳು. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಎಲ್ಲ ಅಲ್ಲೇ. ಒಂದು ಮಧ್ಯಾಹ್ನ ಮರಿಸಿದ್ದಯ್ಯ ಗದ್ದೆಯಿಂದ ಬಂದವನು ಕಾಲು ತೊಳೆಯುತ್ತ ಕಿಟಕಿಯತ್ತ ನೋಡಿದ. ತಾಯಿಯ ಮುಖ ಕಂಡು ತಟ್ಟನೆ ತಲೆ ತಗ್ಗಿಸಿದ.

"ಅವಳು ಒಲೆ ಮುಂದೆ ಅವ್ಳೆ ಕಣ್ಲಾ," ಎನ್ನುತ್ತ ದೊಡ್ಡತಾಯಮ್ಮ ಮೊರ ಎತ್ತಿಕೊಂಡು ಪಕ್ಕಕ್ಕೆ ಸರಿದಳು.