ಪರದೆಯ ಹಿಂದಿನ ವರ್ನೀಟಾ

ಓಕ್ಲ್ಯಾಂಡಿನ ಸ್ಟುಡಿಯೋ ಒಂದರಲ್ಲಿ ಹಳೆಯ ಟೇಪುಗಳ ಗದ್ದಲ ತೆಗೆದು ಹೊಸ ಪ್ರತಿ ಮಾಡುವುದು ಊರ್ಮಿಳೆಯ ಕೆಲಸ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವಳು. ಕೆಲಸವನ್ನು ಸ್ಟುಡಿಯೋದಲ್ಲೇ ಬಿಟ್ಟು ಬರುವವಳು. 1984ರಲ್ಲಿ ವರ್ನೀಟಾ ಹ್ಯಾಲೊವೇ ತಂದ ಟೇಪು ಮಾತ್ರ ಮನೆಯವರೆಗೂ ಹಿಂದೆ ಬಂತು. ಒಗ್ಗರಣೆ ಹಾಕುವಾಗಲೂ ಪಕ್ಕದ ಕೋಣೆಯಲ್ಲಿ ಯಾರೋ ಹಾಡಿದಂತಾಗುತ್ತಿತ್ತು.

ವರ್ನೀಟಾ ಅರವತ್ತು ದಾಟಿದ ಕಪ್ಪು ಗಾಯಕಿ. ಹಾಡಿನಲ್ಲೇ ನಡೆಯುವ ಯೂರೋಪಿನ ಆಪೆರಾ ನಾಟಕಗಳಲ್ಲಿ ವರ್ಷಗಟ್ಟಲೆ ನಾಯಕಿಯಾಗಿ ಹಾಡಿ ಹೆಸರು ಮಾಡಿದಾಕೆ. ಆದರೆ ನಾಯಕಿಯ ಪಾತ್ರವನ್ನು ಮೊದಲು ಹಾಡಿದ್ದು ಇಲ್ಲೇ ಓಕ್ಲ್ಯಾಂಡಿನ ರಂಗಮಂದಿರವೊಂದರಲ್ಲಿ, 1951ರಲ್ಲಿ. ಅಂದು ಬಿಳಿಯ ನಾಯಕಿಗೆ ಗಂಟಲು ಕಟ್ಟಿತ್ತು. ದಾಸಿಯರ ಪಾತ್ರದ ಗುಂಪಿನಲ್ಲಿ ಹಾಡುತ್ತಿದ್ದ ವರ್ನೀಟಾಳಿಗೆ ಇಡೀ ಪಾತ್ರ ಬಾಯಿಪಾಠ. ಅವಳನ್ನು ಪರದೆಯ ಹಿಂದೆ ನಿಲ್ಲಿಸಿ ಹಾಡಿಸಿದರು. ದೀಪದ ಬೆಳಕಿನಲ್ಲಿ ಆ ನಾಯಕಿ ತುಟಿಯಾಡಿಸಿದಳು. ಆ ರಂಗಮಂದಿರದಲ್ಲಿ ಕಪ್ಪು ಹೆಣ್ಣೊಬ್ಬಳು ನಾಯಕಿಯಾಗಿ ಹಾಡಿದ್ದು ಅದೇ ಮೊದಲು. ನೋಡಿದವರಿಲ್ಲ. ಅಂದು ರೇಡಿಯೋದವರು ಮುದ್ರಿಸಿದ ಈ ಟೇಪಿನ ಮೇಲೂ ಆ ಬಿಳಿಯ ನಾಯಕಿಯದೇ ಹೆಸರು. ಈಗ ರೇಡಿಯೋದಲ್ಲಿ ತನ್ನ ಬಗ್ಗೆ ಕಾರ್ಯಕ್ರಮವಿದೆ, ಸಾಯುವುದರೊಳಗೆ ಆ ದನಿ ತನ್ನದೆಂದು ಜನ ಒಪ್ಪಿದರೆ ಸಾಕು ಎಂದಿದ್ದಳು ವರ್ನೀಟಾ.

ಟೇಪಿನ ಲೇಪ ಪುಡಿಯಾಗಿ ಉದುರುತ್ತಿತ್ತು. ಒಂದು ಸಲ ಓಡಿಸಿದರೆ ಮುಗಿಯಿತು. ಆರಂಭದ ತುಣುಕು ಕೇಳಿದಾಗ ದನಿ ಕಂಬಳಿ ಹೊದ್ದಂತೆ ಮಂಕಾಗಿತ್ತು. ಕಥೆ ಗೊತ್ತಿದ್ದೂ ಊರ್ಮಿಳಾ ಅದನ್ನು ಹಳೆಯ ಟೇಪುಗಳಿಗೆಲ್ಲ ಬರುವ ಕಾಯಿಲೆ ಎಂದುಕೊಂಡಳು. ಪ್ರತಿ ಮಾಡುತ್ತಲೇ ಮಂಕು ಕಳೆದಳು; ಮಂಕಿದ್ದ ಪ್ರತಿಯನ್ನು ಬೇರೆ ಉಳಿಸಲಿಲ್ಲ. ದನಿ ಫಳಫಳ ಹೊಳೆಯಿತು.

ಕೇಳಲು ಬಂದ ವರ್ನೀಟಾ ಕಣ್ಣು ಮುಚ್ಚಿ ಕೂತಳು. ಹಾಡು ಮುಗಿದರೂ ತೆರೆಯಲಿಲ್ಲ.

“ಚೆನ್ನಾಗಿದೆ. ಯಾರು ಹಾಡಿದ್ದು?”

“ನೀವೇ, ಮಿಸ್ ಹ್ಯಾಲೊವೇ.”

“ಅಲ್ಲ. ಇವಳು ಸ್ಟೇಜಿನ ಮಧ್ಯೆ ನಿಂತಿದಾಳೆ. ನಾನಲ್ಲಿ ಇರಲೇ ಇಲ್ಲ. ದಪ್ಪ ಬಟ್ಟೆ ಹಿಂದೆ ನಿಂತು ಹಾಡಿದೆ. ಆ ಮಂಕೊಂದೇ ನನ್ನ ಸಾಕ್ಷಿ.” ಸಣ್ಣಗೆ ನಕ್ಕಳು. “ಇಷ್ಟು ಚೊಕ್ಕಟವಾಗಿ ಅವರೂ ನನ್ನನ್ನ ಅಳಿಸಿರಲಿಲ್ಲ ಕಣಮ್ಮ.”

ಊರ್ಮಿಳಾ ಯಂತ್ರದತ್ತ ತಿರುಗಿದಳು. ಅದರ ಮೇಲೆ ಕಂದು ಪುಡಿ ಬಿದ್ದಿತ್ತು. ಟೇಪಿನಲ್ಲಿ ಉಳಿದದ್ದು ಬೋಳು ಪಟ್ಟಿ. ಲೆಕ್ಕ ಹಾಕಿ ಮತ್ತೆ ಮಂಕು ಮಾಡಬಲ್ಲೆ ಎಂದಳು. ಕಟ್ಟಿದ ಸಾಕ್ಷಿ ಬೇಡ ಎಂದು ವರ್ನೀಟಾ ಮೈಕು ಕೇಳಿದಳು. ತನ್ನ ಹೆಸರು, ಆ ದಿನ, ತಾನು ನಿಂತಿದ್ದ ಜಾಗ ಎಲ್ಲವನ್ನೂ ನಡುಗುವ ದನಿಯಲ್ಲಿ ಹೇಳಿದಳು. ಪರದೆಯನ್ನು ತೆಗೆದದ್ದು ಈ ಸ್ಟುಡಿಯೋ ಎಂದೂ ಹೇಳಿದಳು. ಆ ನಡುಕ ತೆಗೆಯಲು ಊರ್ಮಿಳಾ ಯಾವ ಗುಂಡಿಯನ್ನೂ ಮುಟ್ಟಲಿಲ್ಲ.

ಆ ಮಾತನ್ನು ಹಾಡಿನ ಮುಂದೆ ಜೋಡಿಸಿ ಹಾಕಿದಾಗ, ಮುದುಕಿಯ ದನಿ ನಿಂತಲ್ಲಿಂದ ಎಳೆಯ ದನಿ ಎದ್ದಿತು. ನಂಬುವವರು ನಂಬಲಿ ಎಂದು ವರ್ನೀಟಾ ಕೋಟು ಹಾಕಿಕೊಂಡಳು. ಬಾಗಿಲ ಬಳಿ ತಿರುಗಿದಳು.

“ಆ ಹುಡುಗಿ ಮುಗಿಸೋವರೆಗೂ ಆಫ್ ಮಾಡಬೇಡ. ಮೊದಲ ಸಲ ಸ್ಟೇಜಿನ ಮಧ್ಯೆ ನಿಂತಿದಾಳೆ.”