ಮೂಲೆ ಸವೆಯದ ಬೆಣಚುಕಲ್ಲು

ಮ್ಯೂಸಿಯಮ್ಮಿನಲ್ಲಿ ನನ್ನ ಮೇಜಿಗೆ ದಿನಕ್ಕೆ ಒಂದೆರಡು ‘ವಜ್ರ’ಗಳಾದರೂ ಬರುತ್ತವೆ. ಕಲ್ಲಿನಿಂದ ಗಾಜನ್ನು ಕೆರೆದರೆ ಗಾಜಿಗೆ ಗೀರು ಬೀಳುತ್ತದೆ. ಚಾಕುವಿನಿಂದ ಕಲ್ಲನ್ನು ಕೆರೆದರೆ ಜಪ್ಪಯ್ಯ ಅಂದರೂ ಬೀಳುವುದಿಲ್ಲ. ಮಾಣಿಕ್ಯದ ಚೂರಿನಿಂದ ಕೆರೆದರೆ ಮಾತ್ರ ಬೀಳುತ್ತದೆ, ವಜ್ರವಾಗಿದ್ದರೆ ಅದಕ್ಕೂ ಬೀಳುತ್ತಿರಲಿಲ್ಲ. ಬರೀ ಬೆಣಚುಕಲ್ಲು, ಮನೆಗೆ ಹೋಗಿ ಅನ್ನುತ್ತೇನೆ. ಮುಖದ ಮೇಲೆ ಹೊಡೆದಂತೆ ಮಾತಾಡುವ ಹೆಂಗಸೆಂದು ನನ್ನನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೆ.

ಅಕ್ಕ ಮೊದಲ ಕಲ್ಲು ತಂದಾಗ ನಕ್ಕಿದ್ದೆ. ಕೋಳಿಮೊಟ್ಟೆಯಷ್ಟು ನುಣ್ಣಗಿತ್ತು.

“ಬೆಳಿಗ್ಗೆ ಮನೇಲಿರೋ ನಿನ್ನ ಭಾವನ ಹಳೇ ಬೂಟಿನಲ್ಲಿತ್ತು ಕಣೇ,” ಅಂದಳು.

ಭಾವ ಮೂರು ವರ್ಷದ ಹಿಂದೆ ಹೊಳೆಪಾಲಾದವನು. ಹೆಣ ಸಿಗಲಿಲ್ಲ. ಇದ್ದಷ್ಟು ದಿನ ಮಾತಿಗೆ ಮೊದಲೇ ಅಕ್ಕನ ಮೇಲೆ ಕೈ ಎತ್ತುತ್ತಿದ್ದ. ಅವನು ಹೋದದ್ದಕ್ಕೆ ನನಗೆ ಸಂಕಟವಾಗಲಿಲ್ಲ, ನಿಜ ಹೇಳುತ್ತೇನೆ.

“ಇಷ್ಟು ಉರುಟಾಗಿದೆ ಅಂದ್ರೆ ಹೊಳೇಲಿ ತುಂಬ ದೂರ ಉರುಳಿದೆ. ಸಮುದ್ರದ ಹತ್ತಿರದ್ದು,” ಅಂದೆ. ನನಗೆ ಜಾಣತನ ತೋರಿಸಬೇಕಿತ್ತು. ಅಕ್ಕನ ಮನೆ ಇರುವುದು ಹೊಳೆ ಹುಟ್ಟುವ ಗುಡ್ಡದ ಬುಡದಲ್ಲಿ. ಅಲ್ಲಿ ಒಡೆದ ಕಲ್ಲು ಕೆಳಗೆ ಉರುಳುತ್ತ ಉರುಳುತ್ತ ಮೂಲೆ ಸವೆಸಿಕೊಳ್ಳುತ್ತದೆ.

ಮುಂದಿನ ವಾರದ ಕಲ್ಲು ಅಷ್ಟು ಉರುಟಾಗಿರಲಿಲ್ಲ. ಆಮೇಲಿನವುಗಳಿಗೆ ಏಣುಗಳಿದ್ದವು, ವಾರ ವಾರವೂ ಗುಡ್ಡಕ್ಕೆ ಇನ್ನಷ್ಟು ಹತ್ತಿರದ ಕಲ್ಲು. ಪ್ರತಿ ಸಲವೂ ಅದೇ ಬೂಟು, ಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕ ಹಾಕಿದಂತೆಯೇ. ಯಾರದೋ ಕಿತಾಪತಿ ಅಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಈ ಸೋಮವಾರ ಐದನೆಯದನ್ನು ಮೇಜಿನ ಮೇಲಿಟ್ಟಳು.

“ಅವರು ಹತ್ತಿರ ಬಂದಿದ್ರೆ ಹೇಳಿಬಿಡೇ. ಹೀಗೇ ನಿನ್ನ ಮನೆಗೆ ಬಂದ್ಬಿಡ್ತೀನಿ. ಮತ್ತೆ ಆ ಹೊಸ್ತಿಲು ತುಳಿಯಲ್ಲ.”

ಅಂಚು ಮುಟ್ಟಿದೆ, ಬೆರಳು ಕುಯ್ಯಿತು. ಮೂಲೆ ಒಂದಿಷ್ಟೂ ಸವೆದಿಲ್ಲ. ಮೈಮೇಲೆ ತುಕ್ಕಿನ ಬಣ್ಣದ ಗೆರೆ ಬೇರೆ. ಅಕ್ಕನ ಹಿತ್ತಲ ಬಂಡೆಯಲ್ಲಿರುವ ಬಿಳಿ ಪಟ್ಟೆಯದೇ ತುಂಡು.

ಅವಳ ತುಟಿ ಒಣಗಿತ್ತು. ನಿಜ ಹೇಳಿದರೆ ಅಲ್ಲೇ ಕುಸಿದಾಳು ಅನ್ನಿಸಿತು. ಮೊದಲು ಸುಧಾರಿಸಿಕೊಳ್ಳಲಿ, ಕೆಲಸ ಮುಗಿಸಿ ನಾನೇ ನನ್ನ ಮನೆಗೆ ಕರೆದುಕೊಂಡು ಹೋದರಾಯಿತು ಅಂದುಕೊಂಡೆ.

“ಇನ್ನೂ ದೂರದ್ದೇ ಅಕ್ಕ,” ಅಂದೆ.

“ಅಬ್ಬ!” ಅಂದಳು. ಹೋದ ಜೀವ ಬಂದಂತಾಯಿತು ಅವಳಿಗೆ.

ನೀರು ತರಲು ಒಳಗೆ ಹೋಗಿ ಬಂದರೆ ಕುರ್ಚಿ ಖಾಲಿ. ಗೇಟಿನವರೆಗೂ ಓಡಿದೆ.

“ಈಗಷ್ಟೇ ಬಸ್ ಹತ್ತಿದ್ರು ಮೇಡಂ,” ಅಂದ ವಾಚ್‌ಮನ್. “ಇನ್ನೂ ಟೈಮಿದೆಯಂತೆ. ಬಟ್ಟೆಬರೆ ಕಟ್ಕೊಂಡು ಸಂಜೆ ಬರ್ತೀನಿ, ತಂಗಿಗೆ ಹೇಳಿ ಅಂದ್ರು.”

ಅವಳ ಮೊಬೈಲು ನನ್ನ ಮೇಜಿನ ಮೇಲೇ ಉಳಿದಿತ್ತು. ಏನೂ ತೋಚದೆ ಅವಳ ಮನೆಯ ಫೋನಿಗೆ ಹಚ್ಚಿದೆ. ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮನೆಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇಲ್ಲ.

ಎರಡನೇ ರಿಂಗಿಗೇ ಎತ್ತಿದರು.